ಗಾಡಿಗೆ ಎಣ್ಣೆ, ಹುಡುಗನಿಗೆ ಕೆಮ್ಮು!

ಕಬ್ಬಿನ ಹಂಗಾಮು ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಗ್ಯಾರೇಜುಗಳಿಗೆ ಪುರುಸೊತ್ತಿಲ್ಲ. ಮಳೆಗಾಲವಿಡೀ ಮೂಲೆ ಹಿಡಿದು ನಿಂತಿದ್ದ ಕೆ.ಎ. 48 ನಂಬರಿನ ಲಾರಿಗಳು ಸಮೀರವಾಡಿ, ಹಿರೇಪಡಸಲಗಿ, ಬಾಡಗಂಡಿ ಕಾರ್ಖಾನೆಗಳ ದಾರಿ ಹಿಡಿಯುವ ಮುಂಚೆ ಮೈ ತಿಕ್ಕಿಸಿಕೊಂಡು, ಬಣ್ಣ ಬಳಿಸಿಕೊಂಡು ಮದುಮಕ್ಕಳಂತೆ ಸಿಂಗಾರಗೊಳ್ಳುತ್ತವೆ. ಇದು ಮೇಲಿನ ಸಿಂಗಾರವಾಯಿತು. ಕೆಳಗೆ ಬಗ್ಗಿ ನೋಡಿದವರು ಎಷ್ಟು ಮಂದಿ?

ನಾನು ಬಗ್ಗಿ ನೋಡಿದೆ. ಲಾರಿ ಬುಡದಲ್ಲಿ ಹದಿನೈದರ ಆಸುಪಾಸಿನ ಹುಡುಗ ಅಂಗಾತ ಮಲಗಿದ್ದ. ಕೈಯಲ್ಲಿ ಕಂಪ್ರೆಸರಿನ ಗನ್ನು, ಡಬ್ಬಿಯಲ್ಲಿ ಡೀಸೆಲ್ ಬೆರೆಸಿದ ಸುಟ್ಟ ಎಂಜಿನ್ ಎಣ್ಣೆ, ಮೂಗಿಗೆ ಕರವಸ್ತ್ರ. ಎಣ್ಣೆ ಚಾಸಿಗೆ ಎಷ್ಟು ಬೀಳುತ್ತಿತ್ತೋ ಅವನ ಮೋರೆಗೂ ಅಷ್ಟೇ ಬೀಳುತ್ತಿತ್ತು.

"ಏ ತಮ್ಮಾ, ಉಸಿರು ಕಟ್ಟೂದಿಲ್ಲೇನೋ?"

"ಏನ್ ಆಗಂಗಿಲ್ರಿ ಸರ. ರೂಢಿ ಆಗೇತಿ" ಎಂದವನು ಮಾತು ಮುಗಿಸುವುದರೊಳಗೆ ಎರಡು ಸಲ ಕೆಮ್ಮಿದ.

ಮಾಲಕರ ಭಯ ಸುಳ್ಳಲ್ಲ ಬಿಡಿ. ಕಬ್ಬಿನ ರಸ ತೊಟ್ಟಿಕ್ಕಿ ಹುಳಿಯಾಗಿ ಕಬ್ಬಿಣ ತಿನ್ನುತ್ತದೆ. ಎರೆಮಣ್ಣಿನ ಕೆಸರು ಚಾಸಿಯ ಸಂದಿಯಲ್ಲಿ ಕುಳಿತು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಊರೊಳಗೆ ಬಂದಾಗ ನೀರಲ್ಲಿ ನಿಂತ ಗಾಡಿಗಳ ಗತಿ ಏನಾಯಿತೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಜಂಗು ಹಿಡಿಯದಂತೆ ಏನಾದರೂ ಬಳಿಯಲೇಬೇಕು. ಆದರೆ ಬಳಿಯುವುದೇನು, ಬಳಿಯುವವರಾರು?

ಸುಟ್ಟ ಎಣ್ಣೆಯಲ್ಲಿ ಎಂಜಿನ್ನಿನ ಮಸಿ, ಲೋಹದ ಪುಡಿ, ಕ್ಯಾನ್ಸರ್ ತರುವ ವಿಷ ಎಲ್ಲ ಇರುತ್ತದೆ. ದಿನಾ ಮೈಗೆ ಹತ್ತಿದರೆ ಚರ್ಮಕ್ಕೆ ಕೇಡು, ಹೊಗೆಯಂತೆ ಹಾರಿದ್ದು ಪುಪ್ಪುಸಕ್ಕೆ ಕೇಡು. ಕರವಸ್ತ್ರ ಧೂಳು ತಡೆದೀತು, ಆವಿ ತಡೆಯುವುದಿಲ್ಲ. ಅದೇ ಎಣ್ಣೆ ಬ್ರೇಕ್ ಪೈಪಿನ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಲೈನರಿಗೆ ಇಳಿದರೆ ಹಿಡಿತ ತಪ್ಪುತ್ತದೆ. ತುಕ್ಕು ತಿಂದ ಗಾಡಿ ಒಂದು ದಿನ ನಿಂತುಬಿಡುತ್ತದೆ. ಬ್ರೇಕಿಗೆ ಎಣ್ಣೆ ಕುಡಿಸಿದ ಗಾಡಿ ನಿಲ್ಲುವುದೇ ಇಲ್ಲ! ಕಬ್ಬು ಹೇರಿದ ಲಾರಿಯ ಮುಂದೆ ಬೈಕಿನಲ್ಲಿ ಹೋಗುವವರು ಇದನ್ನು ನೆನಪಿಡಲಿ.

ಸರಿಯಾದ ಕೆಲಸ ದೊಡ್ಡ ವಿದ್ಯೆಯೇನಲ್ಲ. ಕೆಸರು ತೊಳೆದು ಬಿಸಿಲಿಗೆ ಪೂರಾ ಒಣಗಿಸಬೇಕು. ಸಡಿಲಾದ ಜಂಗನ್ನು ತಂತಿ ಬ್ರಷ್ಷಿನಿಂದ ಕೆರೆಯಬೇಕು, ಕಣ್ಣಿಗೆ ಕನ್ನಡಕವಿರಲಿ. ಮೇಲೆ ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಅಂಗಡಿಯಲ್ಲಿ ಸಿಗುವ ಡಾಂಬರು ಜಾತಿಯ ಅಂಡರ್‌ಕೋಟ್. ಬ್ರೇಕು, ರಬ್ಬರ್ ಪೈಪು, ಸೈಲೆನ್ಸರು, ವಾಯರಿಂಗ್ ಮೊದಲೇ ಮುಚ್ಚಿರಬೇಕು. ನೀರು ಇಳಿಯುವ ತೂತು ಮಾತ್ರ ಮುಚ್ಚಬಾರದು, ಮುಚ್ಚಿದರೆ ಒಳಗಿನಿಂದಲೇ ಕೊಳೆಯುತ್ತದೆ. ಗಾಡಿಯನ್ನು ಬರೀ ಜಾಕಿನ ಮೇಲೆ ನಂಬಬೇಡಿ, ಗಟ್ಟಿ ಸ್ಟ್ಯಾಂಡು ಕೊಡಿ. ಇನ್ನು ಗುಂಡಿಯೊಳಗೆ ಇಳಿದು ಹೊಡೆಯುವುದಂತೂ ಬೇಡವೇ ಬೇಡ. ಥಿನ್ನರಿನ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲೇ ಕೂಡುತ್ತದೆ. ಪಕ್ಕದಲ್ಲಿ ವೆಲ್ಡಿಂಗಿನ ಒಂದು ಕಿಡಿ ಸಾಕು. ಬಯಲಲ್ಲಿ, ಎಂಜಿನ್ ತಣ್ಣಗಾದ ಮೇಲೆ, ಆವಿ ತಡೆಯುವ ಮಾಸ್ಕ್ ಹಾಕಿ ಮಾಡಿದರೆ ಎಲ್ಲರೂ ಸಂಜೆ ಮನೆಗೆ ಹೋಗುತ್ತಾರೆ.

ಪಾಸಿಂಗಿನ ಹಿಂದಿನ ರಾತ್ರಿ ಜಂಗಿನ ಮೇಲೆಯೇ ಕರಿ ಬಣ್ಣ ಹೊಡೆಸುವ ಚಾಲಾಕಿಗಳೂ ಇದ್ದಾರೆ. ಬಿರುಕು ಮುಚ್ಚೀತು, ಕೂಡೀತೇ? ಅವರ ಸುದ್ದಿ ಇನ್ನೊಮ್ಮೆ.

ಹದಿನೆಂಟು ತುಂಬದವರನ್ನು ಬೆಂಕಿ ಹತ್ತುವ ವಸ್ತುಗಳ ಕೆಲಸಕ್ಕೆ ಹಚ್ಚಬಾರದೆಂದು 2016ರ ತಿದ್ದುಪಡಿ ಕಾನೂನು ಹೇಳುತ್ತದೆ. ಮಿಸ್ತ್ರಿಯನ್ನು ಕೇಳಿದರೆ "ಮಾಲಕ ಕೊಡೂದ ಇಷ್ಟ್ರಿ, ಇದರಾಗ ಮಾಸ್ಕ್ ಎಲ್ಲಿಂದ ತರ್ಲಿ?" ಎನ್ನುತ್ತಾನೆ. ಮಾಲಕನನ್ನು ಕೇಳಿದರೆ ಕಾರ್ಖಾನೆಯ ಬಾಡಿಗೆ ಕಡೆ ಕೈ ತೋರಿಸುತ್ತಾನೆ. ಹಾಗಾದರೆ ಕಾರ್ಖಾನೆಯನ್ನೇ ಕೇಳೋಣ. ಹಂಗಾಮಿಗೆ ಮುಂಚೆ ಕಬ್ಬು ಸಾಗಿಸುವವರಿಗೆ ಮುಂಗಡ ಕೊಟ್ಟು ಕರಾರು ಬರೆಸಿಕೊಳ್ಳುವವರು ನೀವು. ಅದರಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಿರಿ: ಸುಟ್ಟ ಎಣ್ಣೆ ಹೊಡೆದ, ಹುಡುಗರಿಂದ ಹೊಡೆಸಿದ ಗಾಡಿ ನಮ್ಮ ಯಾರ್ಡಿಗೆ ಬೇಡ. ಒಂದು ಟೈರಿನ ದುಡ್ಡಿನಲ್ಲಿ ಗ್ಯಾರೇಜಿನವರಿಗೆಲ್ಲ ಮಾಸ್ಕೂ ಬರುತ್ತದೆ, ಕನ್ನಡಕವೂ ಬರುತ್ತದೆ.

ಆ ಸಾಲನ್ನು ಮೊದಲು ಬರೆಯುವ ಕಾರ್ಖಾನೆ ಯಾವುದು? ತಿಳಿಸಿದರೆ ಇದೇ ಅಂಕಣದಲ್ಲಿ ದಪ್ಪಕ್ಷರದಲ್ಲಿ ಹೆಸರು ಹಾಕುತ್ತೇವೆ.