ಎಸ್ಸೆಸ್ಸೆಲ್ಸಿಗೂ ಕಲನಕ್ಕೂ ನಡುವಿನ ಒಂದು ವರ್ಷ

2019ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 89.33 ಫಲಿತಾಂಶದೊಂದಿಗೆ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ವಿಶೇಷ ತರಗತಿ, ಸರಣಿ ಪರೀಕ್ಷೆ, ಅಧಿಕಾರಿಗಳ ತಪಾಸಣೆ ಎಂದು ಹತ್ತನೇ ತರಗತಿಯನ್ನು ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಅದೇ ಮಕ್ಕಳು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲೋ, ಹಾಸನದ ಬಸ್ಸು ಹತ್ತಿಯೋ ವಿಜ್ಞಾನ ವಿಭಾಗಕ್ಕೆ ಸೇರಿದ ಮೇಲೆ ಆ ಕಾವಲು ಸಡಿಲಾಗುತ್ತದೆ. ಪ್ರಥಮ ಪಿಯುಸಿಯ ಅಂಕ ದ್ವಿತೀಯ ಪಿಯುಸಿ ಅಂಕಪಟ್ಟಿಗೆ ಸೇರುವುದಿಲ್ಲವಲ್ಲ. ಪಾಸಾದರೆ ಸಾಕು ಎಂಬ ಧೋರಣೆ. ಗಣಿತದ ಮಟ್ಟಿಗೆ ಇದು ತೀರಾ ದುಬಾರಿ ಉದಾಸೀನ. ಕಲನಶಾಸ್ತ್ರಕ್ಕೆ ಬೇಕಾದ ಬುನಾದಿಯ ಬಹುಪಾಲನ್ನು ಕಟ್ಟುವುದು ಆ ವರ್ಷದಲ್ಲೇ.

ಸೈನ್ ಒಂದನ್ನೇ ನೋಡಿ. ಹತ್ತನೇ ತರಗತಿಯಲ್ಲಿ ಅದು ಲಂಬಕೋನ ತ್ರಿಭುಜದ ಎರಡು ಬಾಹುಗಳ ಅನುಪಾತ; ಶ್ರವಣಬೆಳಗೊಳದ ಗೊಮ್ಮಟನ ಎತ್ತರವನ್ನು ದೂರ ನಿಂತು ಲೆಕ್ಕ ಹಾಕಲು ಇಂಥ ಅನುಪಾತಗಳೇ ಸಾಕು. ಅಲ್ಲಿ ಕೋನ 90 ಡಿಗ್ರಿ ದಾಟುವುದಿಲ್ಲ. ಪ್ರಥಮ ಪಿಯುಸಿಯಲ್ಲಿ ತ್ರಿಭುಜ ಹಿಂದೆ ಸರಿದು, ತ್ರಿಜ್ಯ 1 ಇರುವ ವೃತ್ತ ಮುಂದೆ ಬರುತ್ತದೆ. ಅದರ ಮೇಲೆ ಸುತ್ತುವ ಬಿಂದು ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂಬುದೇ ಸೈನ್. ಕೋನ 120 ಆದರೂ 1,000 ಆದರೂ ಅದಕ್ಕೊಂದು ಬೆಲೆ ಇದೆ. ಡಿಗ್ರಿಯ ಜಾಗಕ್ಕೆ ರೇಡಿಯನ್ ಬರುತ್ತದೆ, ಅನುಪಾತವಾಗಿದ್ದದ್ದು ಫಂಕ್ಷನ್ ಆಗುತ್ತದೆ. ಈ ಪಲ್ಲಟ ತಲೆಗೆ ಹತ್ತದವರಿಗೆ ಮರುವರ್ಷದ ಅವಕಲನ, ಅನುಕಲನಗಳು ಬಾಯಿಪಾಠವಾಗಿಯೇ ಉಳಿಯುತ್ತವೆ. ಶಂಕುಜಗಳ ಅಧ್ಯಾಯವೂ ಹಾಗೇ. ಹಾಸನದಲ್ಲಿ 1982ರಲ್ಲಿ ಆರಂಭವಾದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ಮುಖ್ಯ ಕೆಲಸವೊಂದನ್ನು ಆ ಅಧ್ಯಾಯದ ಮಾತಿನಲ್ಲೇ ಹೇಳಿಬಿಡಬಹುದು: ರಾಕೆಟ್ ಬಿಟ್ಟುಹೋದ ಉಪಗ್ರಹ ದೀರ್ಘವೃತ್ತದಲ್ಲಿ ಸುತ್ತುತ್ತಿರುತ್ತದೆ, ಅದು ಭೂಮಿಯಿಂದ ಅತಿ ದೂರ ಹೋದಾಗ ಎಂಜಿನ್ ಉರಿಸಿ, ಹಂತಹಂತವಾಗಿ ಉತ್ಕೇಂದ್ರತೆಯನ್ನು ಸೊನ್ನೆಯ ಹತ್ತಿರಕ್ಕೆ ತಂದು, ಸುಮಾರು 36,000 ಕಿ.ಮೀ. ಎತ್ತರದ ವೃತ್ತಕ್ಕೆ ಕೂರಿಸುತ್ತಾರೆ. ಊರಿನ ಪಕ್ಕದಲ್ಲೇ ಇದೆಲ್ಲ ನಡೆಯುವಾಗ, ತರಗತಿಯ ಹಲಗೆಯ ಮೇಲಿನ ದೀರ್ಘವೃತ್ತ ಬರೀ ಮೊಟ್ಟೆಯ ಚಿತ್ರವಾಗಿ ಉಳಿದರೆ ಹೇಗೆ?

ಡಾಕ್ಟರಾಗುವವರಿಗೆ, ಕೃಷಿ ಓದುವವರಿಗೆ ಇದೆಲ್ಲ ಯಾಕೆ ಎನ್ನುವವರು ಭೌತಶಾಸ್ತ್ರದ ಪುಸ್ತಕ ತೆರೆಯಲಿ. ವೇಗವೆಂದರೆ ಸ್ಥಾನದ ಅವಕಲನ ಎಂಬ ಮಾತು ಅಲ್ಲಿ ಮೊದಲ ಅಧ್ಯಾಯಗಳಲ್ಲೇ ಬರುತ್ತದೆ. ಗಣಿತದ ಪುಸ್ತಕದಲ್ಲಿ ಅವಕಲನಕ್ಕೆ ಜಾಗ ಕೊನೆಯ ಕಡೆಗೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದರ ಮೇಲೆ ಇನ್ನೊಂದು ಏಟು: ಸಮಾಂತರ ಶ್ರೇಢಿ ಇದ್ದಕ್ಕಿದ್ದಂತೆ ಅರಿತ್ಮೆಟಿಕ್ ಪ್ರೋಗ್ರೆಷನ್ ಆಗಿ, ಗೊತ್ತಿದ್ದದ್ದೂ ಗೊತ್ತಿಲ್ಲದಂತಾಗುತ್ತದೆ. ಸ್ಪರ್ಧಾ ಪರೀಕ್ಷೆಗೆ ಇಂಗ್ಲಿಷೇ ಬೇಕಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅರ್ಧ. ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ನಡೆಯುತ್ತಿದೆ. ಗಣಿತ ಈ ನಾಡಿಗೆ ಹೊಸದೂ ಅಲ್ಲ: 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ. ಅದಕ್ಕೂ ಹಿಂದೆ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಕೊಟ್ಟ ವಿಕಲ್ಪದ ಸೂತ್ರವನ್ನೇ ನಮ್ಮ ಮಕ್ಕಳು ಇಂದು ‘ಎನ್‌ಸಿಆರ್’ ಎಂದು ಕಲಿಯುತ್ತಾರೆ. ಇಂಗ್ಲಿಷ್ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಮೊದಲ ಒಂದೆರಡು ತಿಂಗಳು ಎರಡೂ ಪದ ಹಲಗೆಯ ಮೇಲಿರಲಿ. ಸಿಲೆಬಸ್ ಮುಗಿಸುವುದಕ್ಕೇ ಸಮಯವಿಲ್ಲ ಎನ್ನುವ ಉಪನ್ಯಾಸಕರ ಗೋಳು ಸುಳ್ಳಲ್ಲ. ಆದರೆ ಮಗ್ಗುಲಲ್ಲೇ ಕನ್ನಡ ಪದ ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು? ಇನ್ನು, ಭೌತಶಾಸ್ತ್ರಕ್ಕೆ ಬೇಕಾದ ಅವಕಲನದ ಪರಿಚಯವನ್ನಷ್ಟೇ ಮೊದಲೇ ಮಾಡಿಕೊಡಲು ಬೆಂಗಳೂರಿನ ಸುತ್ತೋಲೆಗೆ ಕಾಯಬೇಕಿಲ್ಲ. ಒಂದೇ ಸ್ಟಾಫ್ ರೂಮಿನಲ್ಲಿ ಕೂರುವ ಗಣಿತದವರೂ ಭೌತಶಾಸ್ತ್ರದವರೂ ಜೂನ್‌ನಲ್ಲೇ ಮಾತಾಡಿಕೊಂಡರೆ ಆಗುತ್ತದೆ.