ಆಟಿ ಒಂದೇ ದಿನಕ್ಕೆ ಮುಗಿಯದಿರಲಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಊರಿನ ಮಲ್ಪೆಗೂ ಇದೇ ನಿಯಮ, ಇಲ್ಲಿ ಮುಂಬಯಿಯ ಬಂದರುಗಳಿಗೂ ಇದೇ. ಎಷ್ಟೋ ಜಾತಿಯ ಮೀನು ಮೊಟ್ಟೆಯಿಡುವ ಹೊತ್ತು ಅದು. ಅಲ್ಲಿಯ ಬೆಸ್ತರು, ಇಲ್ಲಿಯ ಕೋಳಿ ಸಮುದಾಯದ ಮೀನುಗಾರರು ಸಂಪಾದನೆ ಬಿಟ್ಟು ಕೂರುತ್ತಾರೆ. ಮುಂಬ್ರಾದ ನಮ್ಮ ಅಡುಗೆಮನೆ ಮಾತ್ರ ರಜೆ ಕೊಡುವುದಿಲ್ಲ. ಪೂರ್ವ ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬಂದದ್ದಾದರೂ ಸರಿ, ಶೀತಾಗಾರದಲ್ಲಿ ಬಿದ್ದಿದ್ದುದಾದರೂ ಸರಿ, ನಮಗೆ ಮೀನು ಬೇಕು.

ಅದೇ ದಿನಗಳಲ್ಲಿ ಇಲ್ಲಿಯ ಪಾರ್ಸಿಕ್ ಗುಡ್ಡ ಹಸಿರಾಗುತ್ತದೆ. ಠಾಣೆ ಜಿಲ್ಲೆಯ ಠಾಕರ್, ಕಾತ್ಕರಿ ಹೆಂಗಸರು ಕಾಡಿನ ಸೊಪ್ಪು ಕೊಯ್ದು ತಂದು, ಸ್ಟೇಷನ್ನುಗಳ ಹೊರಗೆ ಗೋಣಿ ಹಾಸಿ ಕೂರುತ್ತಾರೆ. ಅವರು ಟಾಕಳಾ ಎಂದು ಕೂಗುವುದು ನಮ್ಮ ತಜಂಕನ್ನೇ. ಸಂಜೆಯಾದರೆ ಎಲೆ ಮಡಚಿಕೊಳ್ಳುವ ಅದೇ ಗಿಡ. ಪಕ್ಕದಲ್ಲಿ ಕೆಸುವಿನೆಲೆ, ಮಡಹಾಗಲ. ಗೊಬ್ಬರ ಕೇಳದೆ, ಪಂಪಿನ ನೀರು ಕೇಳದೆ ಬೆಳೆದ ಊಟ. ಹಲಸಿನ ಬೀಜ ಜಜ್ಜಿ, ತೆಂಗಿನಕಾಯಿ ಹಾಕಿ ತಜಂಕಿನ ಪಲ್ಯ ಮಾಡಲು ನಮ್ಮ ಅಮ್ಮಂದಿರಿಗೆ ಯಾರೂ ಪಾಠ ಹೇಳಿರಲಿಲ್ಲ. ನಾವು ಆ ಗೋಣಿ ದಾಟಿ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಾಲಿಫ್ಲವರ್ ತರುತ್ತೇವೆ. ಈ ತಾತ್ಸಾರ ನನಗೆ ಸಹಿಸಲಾಗುವುದಿಲ್ಲ.

ಒಂದು ಎಚ್ಚರಿಕೆ: ಕೆಸು ಎಂದ ಕೂಡಲೇ ನಾಲೆಯ ಪಕ್ಕದ್ದನ್ನು ಕೀಳಬೇಡಿ, ಅದು ಚರಂಡಿಯ ಕೊಳೆ ಕುಡಿದು ಬೆಳೆದದ್ದು. ಗುಡ್ಡದಿಂದ ತಂದವರ ಹತ್ತಿರವೇ ಕೊಳ್ಳಿ. ಅವರು ಹೇಳಿದ ಬೆಲೆಗೆ ಕೊಳ್ಳಿ. ಅರ್ಧ ದಿನ ಗುಡ್ಡ ಹತ್ತಿಳಿದವಳ ಹತ್ತಿರ ಐದು ರೂಪಾಯಿಗೆ ಜಗ್ಗಾಡಬೇಡಿ.

ನಿಷೇಧ ಮುಗಿದು ಮೀನು ಬಂದ ಮೇಲೂ ಕಣ್ಣು ತೆರೆದಿರಲಿ. 2023ರಲ್ಲಿ ಮಹಾರಾಷ್ಟ್ರ ಪಾಪ್ಲೆಟ್ ಅನ್ನು, ಅಂದರೆ ನಮ್ಮ ಮಾಂಜಿಯನ್ನು, ರಾಜ್ಯದ ಮೀನೆಂದು ಸಾರಿತು, ಏಕೆಂದರೆ ಅದು ಕಡಿಮೆಯಾಗುತ್ತಿದೆ. ಅಂಗೈಗಿಂತ ಚಿಕ್ಕ ಮಾಂಜಿಯನ್ನು ರಾಶಿಯಲ್ಲಿ ಕಂಡರೆ ಮೀನಿನವಳಿಗೆ ನೇರವಾಗಿ ಹೇಳಿ: "ಮೌಶಿ, ಮರಿ ಬೇಡ." ಕೊಳ್ಳುವವರಿಲ್ಲದಿದ್ದರೆ ಮರಿ ಹಿಡಿದು ತರುವ ಆಸೆ ಕುಗ್ಗುತ್ತದೆ. ಬೂತಾಯಿ, ಬಂಗುಡೆ ಸಾಕಷ್ಟು ಸಿಕ್ಕ ದಿನ ಅದರಲ್ಲೇ ತೃಪ್ತರಾಗೋಣ.

ಇನ್ನು ಎಲೆಯಲ್ಲಿ ಬಿಟ್ಟ ಅನ್ನ. ವಿಶ್ವಸಂಸ್ಥೆಯ ಪರಿಸರ ವಿಭಾಗದ ಲೆಕ್ಕದಂತೆ 2022ರಲ್ಲಿ ಜಗತ್ತು ಬಿಸಾಡಿದ ಆಹಾರ 105 ಕೋಟಿ ಟನ್, ಅದರಲ್ಲಿ ಶೇ. 60 ಮನೆಗಳದ್ದೇ. ಕೊಳೆತ ಅನ್ನದಿಂದ ಏಳುವ ಮೀಥೇನ್ ಭೂಮಿಯನ್ನು ಕಾಯಿಸುತ್ತದೆ. ಪಕ್ಕದ ದಿವಾದ ಕಸದ ರಾಶಿಗೆ ಬೆಂಕಿ ಬಿದ್ದಾಗಲೆಲ್ಲ ಹೊಗೆ ಕುಡಿದವರು ಈ ಭಾಗದ ಜನ. 2023ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು, ಆ ಹೊರೆ ಭಂಡಾರ್ಲಿಯ ಹಳ್ಳಿಗರ ತಲೆಗೆ ಬಿತ್ತು. ನಮ್ಮ ಬಟ್ಟಲಿನ ಎಂಜಲು ಇನ್ನೊಬ್ಬರ ಮಕ್ಕಳ ಕೆಮ್ಮಾಗುವುದನ್ನು ಯಾವ ಬಾಯಿಂದ ಸಮರ್ಥಿಸೋಣ?

ಮುಂಬ್ರಾ, ಡೊಂಬಿವಲಿ, ಕಲ್ಯಾಣದ ಅಣ್ಣಂದಿರೇ, ಅಕ್ಕಂದಿರೇ, ನಮ್ಮ ಸಂಘಗಳು ಪ್ರತಿ ಮಳೆಗಾಲ, ತುಳುವರ ಆಟಿ ತಿಂಗಳಲ್ಲಿ, 'ಆಟಿಡೊಂಜಿ ದಿನ' ಆಚರಿಸುತ್ತವೆ. ಪತ್ರೊಡೆ ತಿಂದು, ಭಾಷಣ ಕೇಳಿ, ಮರುದಿನ ಹಳೆಯ ದಾರಿ ಹಿಡಿಯುತ್ತೇವೆ. ಈ ಸಲ ಹಾಗಾಗದಿರಲಿ. ಕಾರ್ಯಕಾರಿ ಸಮಿತಿಯವರು ಆ ಸೊಪ್ಪಿನ ಹೆಂಗಸರನ್ನು ಮೊದಲೇ ಕಂಡು ಮಾತಾಡಲಿ, ವಾರಕ್ಕೊಮ್ಮೆ ಅವರ ಕಟ್ಟುಗಳನ್ನು ಸಭಾಗೃಹದ ಬಾಗಿಲಲ್ಲೇ ಕೊಳ್ಳುವ ಏರ್ಪಾಡಾಗಲಿ, ಊಟ ಬಾಳೆಎಲೆಯಲ್ಲಿ ಬೀಳಲಿ, ಉಳಿದ ಅನ್ನ ಅಂದೇ ರಾತ್ರಿ ಹಸಿದವರಿಗೆ ಮುಟ್ಟಲಿ. ಜೂನ್ ಬರುವ ಮೊದಲೇ ಸಭೆ ಕರೆಯಿರಿ.