ಕಾವುಪೆಟ್ಟಿಗೆಯ ರಕ್ತ ಯಾರ ಖಾತೆಗೆ?

ಬಣ್ಣ ಬಳಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬೀದಿ ಬೀದಿ ಮಾರುವ ವ್ಯಾಪಾರ ಬೆಂಗಳೂರಿಗೆ ಹೊಸದಲ್ಲ. ತಿಲಕ್ ನಗರದ ಬೀದಿಯಲ್ಲಿ ಇಳಿಸಿದ ಬುಟ್ಟಿಗೂ ಜಯನಗರದ ಶ್ರಾವಕರ ಮನೆಗೂ ನಡುವೆ ಇರುವುದು ಕೆಲವೇ ರಸ್ತೆಗಳ ಅಂತರ. ಮಹಾವೀರ ಜಯಂತಿಯ ಆಸುಪಾಸಿನಲ್ಲಿಯೋ, ದಶಲಕ್ಷಣ ಅಥವಾ ಪರ್ಯುಷಣ ಪರ್ವದ ದಿನಗಳಲ್ಲಿಯೋ ಮಕ್ಕಳ ಕಣ್ಣೀರಿಗೆ ಕರಗಿದ ಗೃಹಸ್ಥನೊಬ್ಬ ಹತ್ತು ಹನ್ನೆರಡು ಮರಿಗಳನ್ನು ಕೊಂಡು ಮನೆಗೆ ತರುತ್ತಾನೆ. ಈ ಕಾರ್ಯಕ್ಕೆ ಜೀವದಯೆ ಎಂದು ಹೆಸರು. ಅಂಗಡಿಯ ರಟ್ಟಿನ ಪೆಟ್ಟಿಗೆಯೊಂದು, ಮೇಲೆ ಹಗಲಿರುಳೂ ಉರಿಯುವ ಬಿಳಿ ಬಲ್ಬು, ಒಂದು ಬಟ್ಟಲು ನೀರು, ಒಂದು ಹಿಡಿ ಅಕ್ಕಿನುಚ್ಚು. ಇಷ್ಟಕ್ಕೆ ಧರ್ಮ ಮುಗಿಯಿತೆಂದು ಮನೆಯವರು ನೆಮ್ಮದಿಯಾಗಿರುತ್ತಾರೆ.

ಕೆಲವು ದಿನಗಳಲ್ಲಿ ಒಂದು ಮರಿಯ ಕಾಲ್ಬೆರಳು ಕೆಂಪಾಗುತ್ತದೆ. ಉಳಿದವು ಅದನ್ನೇ ಹಿಂಬಾಲಿಸಿ ಕುಕ್ಕುತ್ತವೆ. ಮತ್ತೊಂದರ ಬಾಲದ ಬುಡದಲ್ಲಿ ಗರಿ ಕಿತ್ತು ಚರ್ಮ ಹರಿಯುತ್ತದೆ. ಬೆಳಗಾಗುವಷ್ಟರಲ್ಲಿ ಒಂದು ಸತ್ತಿದ್ದರೆ, ಹಿರಿಯರ ಬಾಯಲ್ಲಿ ತೀರ್ಪು ಸಿದ್ಧವಾಗಿರುತ್ತದೆ: ಅದು ತಿರ್ಯಂಚ ಗತಿಯ ಸ್ವಭಾವ, ತನ್ನ ಕರ್ಮವನ್ನು ತಾನು ಉಂಡಿತು. ಈ ತೀರ್ಪನ್ನು ಒಪ್ಪಲಾಗದು. ಇದು ಅಜ್ಞಾನದಿಂದ ಹುಟ್ಟಿ ಆಲಸ್ಯದಿಂದ ಬೆಳೆದ ಮಾತು. ಸಿದ್ಧಾಂತದ ಹೆಸರನ್ನು ಸಾಲ ಪಡೆದು ನಿಂತಿದೆ.

ಮೊದಲು ಆ ಪೆಟ್ಟಿಗೆಯೊಳಗೆ ನಡೆಯುವುದೇನೆಂದು ನೋಡಬೇಕು. ಹಳ್ಳಿಯ ಹಿತ್ತಲಲ್ಲಿ ಹೇಂಟೆಯ ಹಿಂದೆ ತಿರುಗುವ ಮರಿ ದಿನವಿಡೀ ತಿಪ್ಪೆ ಕೆದಕುತ್ತದೆ, ಕಾಳು ಹುಡುಕುತ್ತದೆ, ಹುಲ್ಲಿನ ಎಸಳು ಎಳೆಯುತ್ತದೆ. ಚಳಿಯಾದಾಗ ತಾಯಿಯ ರೆಕ್ಕೆಯಡಿ ನುಗ್ಗುತ್ತದೆ, ಸೆಕೆಯಾದಾಗ ಹೊರಬರುತ್ತದೆ. ಕುಕ್ಕುವುದು ಅದರ ಹಸಿವಿಗೂ ಕುತೂಹಲಕ್ಕೂ ಇರುವ ಒಂದೇ ಸಾಧನ, ಮನುಷ್ಯನ ಮಗುವಿಗೆ ಕೈ ಇದ್ದಂತೆ. ಕುಕ್ಕಲು ನೆಲವೇ ಇಲ್ಲದ ನುಣುಪು ರಟ್ಟಿನ ಮೇಲೆ ಅದನ್ನು ಬಿಟ್ಟರೆ ಕೊಕ್ಕು ಎದುರಿಗೆ ಕಂಡದ್ದರ ಕಡೆಗೆ ತಿರುಗುತ್ತದೆ, ಮತ್ತು ಎದುರಿಗೆ ಇರುವುದು ಜೊತೆಯ ಮರಿಯ ಬೆರಳು. ನೆದರ್‌ಲ್ಯಾಂಡಿನ ಬ್ಲಾಖುಯಿಸ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಗರಿ ಕುಕ್ಕುವಿಕೆಯನ್ನು ಹೀಗೆಯೇ ವಿವರಿಸಿದರು: ಅದು ದಾರಿ ತಪ್ಪಿದ ನೆಲ ಕುಕ್ಕುವಿಕೆ. ನಾರ್ವೆಯ ಷೆಲ್ಡೆರುಪ್-ಎಬ್ಬೆ 1920ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ ಕೋಳಿಗಳ ಮೇಲು-ಕೀಳಿನ ಶ್ರೇಣಿ ಬೇರೆಯೇ ವಿಷಯ. ಅಲ್ಲಿ ಒಂದೆರಡು ಕುಕ್ಕಿಗೆ ಜಗಳ ತೀರುತ್ತದೆ. ಪೆಟ್ಟಿಗೆಯೊಳಗಿನ ರಕ್ತಪಾತಕ್ಕೆ ವೈರವೂ ಕಾರಣವಲ್ಲ, ಕ್ರೌರ್ಯವೂ ಕಾರಣವಲ್ಲ.

ಕಾರಣಗಳು ಪೆಟ್ಟಿಗೆಯನ್ನು ಇಟ್ಟವನ ಕಡೆಗೇ ಬೆರಳು ತೋರಿಸುತ್ತವೆ. ಮರಿಯೊಂದಕ್ಕೆ ಮೊದಲ ನಾಲ್ಕು ವಾರ ಸುಮಾರು ಅರ್ಧ ಚದರ ಅಡಿ ಜಾಗ ಬೇಕು, ಆಮೇಲೆ ಅದರ ಎರಡರಷ್ಟು. ಹನ್ನೆರಡು ಮರಿಗೆ ಆರು ಚದರ ಅಡಿ; ಸೀರೆಯ ಪೆಟ್ಟಿಗೆಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಡಿಗ್ರಿ ಸೆಲ್ಸಿಯಸ್ ಕಾವು ಸಾಕು. ಪ್ರತಿವಾರ ಐದು ಫ್ಯಾರನ್‌ಹೀಟ್ ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಕಾವು ಪೆಟ್ಟಿಗೆಯ ಒಂದು ಮೂಲೆಯಲ್ಲಿರಬೇಕು, ಎದುರು ಮೂಲೆ ತಂಪಾಗಿರಬೇಕು. ಮರಿಗಳು ದೀಪದಡಿ ಒಂದರ ಮೇಲೊಂದು ಬಿದ್ದಿದ್ದರೆ ಅವಕ್ಕೆ ಚಳಿ. ದೂರ ಸರಿದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಬೇಗೆ. ಬೇಗೆಯಲ್ಲಿ ನಿಂತ ಮರಿ ಸಿಡುಕುತ್ತದೆ, ಕುಕ್ಕುತ್ತದೆ. ಮೊದಲ ಒಂದೆರಡು ದಿನ ಆಹಾರ, ನೀರು ಕಾಣಲು ಬೆಳಕು ಬೇಕೇ ಬೇಕು. ಆಮೇಲೂ ಹಗಲಿರುಳು ಪ್ರಖರ ಬಿಳಿ ದೀಪ ಉರಿಸುವುದೆಂದರೆ ಪ್ರತಿಯೊಂದು ಗಾಯವನ್ನೂ ಎತ್ತಿ ತೋರಿಸಿದಂತೆ. ಕೆಂಪು ದೀಪದಡಿ ರಕ್ತ ಅಷ್ಟಾಗಿ ಕಾಣದು.

ಆಹಾರದ ವಿಷಯದಲ್ಲಿ ಶ್ರಾವಕನ ತಪ್ಪು ಇನ್ನೂ ದೊಡ್ಡದು. ಮರಿಗೆ ನೂರಕ್ಕೆ ಇಪ್ಪತ್ತರಷ್ಟು ಸಸಾರಜನಕ ಬೇಕು. ಅಕ್ಕಿನುಚ್ಚಿನಲ್ಲಿರುವುದು ಏಳೆಂಟು ಮಾತ್ರ, ಉಪ್ಪಿನಂಶವಂತೂ ಇಲ್ಲವೆನ್ನುವಷ್ಟು. ಉಪ್ಪು ಮತ್ತು ಮಿಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆಯಾದರೆ ಮರಿ ಜೊತೆಯವುಗಳ ಗರಿಗೂ ರಕ್ತಕ್ಕೂ ಬಾಯಿ ಹಾಕುತ್ತದೆ. ಮಾರುಕಟ್ಟೆಯ ಸಿದ್ಧ ಆಹಾರದಲ್ಲಿ ಮೀನುಪುಡಿ ಬೆರೆತಿರಬಹುದೆಂಬ ಶಂಕೆ ಜೈನ ಮನೆಗಳಲ್ಲಿ ಸಹಜವೇ. ಅದಕ್ಕೆ ಉತ್ತರ ಅಕ್ಕಿನುಚ್ಚಲ್ಲ. ಸೋಯಾ ಆಧಾರದ ಆಹಾರವನ್ನು ಕೇಳಿ ಪಡೆಯಬಹುದು. ಮಿಥಿಯೋನಿನ್ ಹೇರಳವಾಗಿರುವ ಎಳ್ಳಿನ ಹಿಂಡಿಯನ್ನು ಸ್ವಲ್ಪ ಬೆರೆಸಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಕುಕ್ಕುಟ ವಿಜ್ಞಾನಕ್ಕೆಂದೇ ವಿಭಾಗವಿದೆ. ಮಗನಿಗೆ ಜ್ವರ ಬಂದರೆ ತಜ್ಞರನ್ನು ಹುಡುಕಿಕೊಂಡು ಊರಿನ ಆ ತುದಿಗೆ ಹೋಗುವವನು ಮರಿಗಾಗಿ ಒಮ್ಮೆ ವಿಚಾರಿಸಲಾರನೇ?

ಈಗ ಕರ್ಮದ ಮಾತಿಗೆ ಬರಬಹುದು. ತತ್ತ್ವಾರ್ಥಸೂತ್ರ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಹೇಳುತ್ತದೆ. ಪ್ರಮಾದ ಮರಿಯದ್ದಲ್ಲ, ಎಚ್ಚರ ವಹಿಸಬೇಕಾಗಿದ್ದವನದ್ದು. ಮರಿಯ ಅಸಾತಾ ವೇದನೀಯ ಉದಯಕ್ಕೆ ಬಂದಿತೆಂದು ಒಪ್ಪಿದರೂ, ಅದಕ್ಕೆ ನಿಮಿತ್ತನಾದವನ ಆಸ್ರವ ಅದರಿಂದ ನಿಲ್ಲುವುದಿಲ್ಲ. ಹಾಗೆ ನಿಲ್ಲುವುದಾಗಿದ್ದರೆ ಕಟುಕನೂ ಇದೇ ವಾದವನ್ನು ಹೂಡಿ ಪಾರಾಗಬಹುದಿತ್ತು. ಕನ್ನಡದ ಜೈನರಿಗೆ ಈ ವಿಷಯದಲ್ಲಿ ಹೊರಗಿನ ಗುರು ಬೇಕಿಲ್ಲ. 1209ರಲ್ಲಿ ಜನ್ನ ರಚಿಸಿದ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಹಾಗಿದ್ದೂ ತಾಯಿ ಮಗ ಜನ್ಮ ಜನ್ಮಾಂತರ ತೊಳಲಿ ಕಡೆಗೆ ಕೋಳಿಗಳಾಗಿಯೇ ಹುಟ್ಟಬೇಕಾಯಿತು. ಹಿಟ್ಟಿನ ಕೋಳಿಗೇ ಅಷ್ಟು ಲೆಕ್ಕವಿಟ್ಟ ಪರಂಪರೆಯವರು ಜೀವಂತ ಮರಿಯ ವಿಷಯದಲ್ಲಿ ಕೈ ತೊಳೆದುಕೊಳ್ಳುವುದು ವಿಚಿತ್ರ.

ದೊಡ್ಡ ಕೋಳಿ ಸಾಕಣೆಯಲ್ಲಿ ಇದೇ ತೊಂದರೆಗೆ ಬೇರೊಂದು ಮದ್ದು ಕಂಡುಹಿಡಿದಿದ್ದಾರೆ. ಜಾಗ ಹೆಚ್ಚಿಸುವುದರ ಬದಲು ಕೊಕ್ಕನ್ನೇ ಕತ್ತರಿಸುವುದು. ಮರಿಗೆ ವಾರ ಹತ್ತು ದಿನವಾಗುವಾಗ ಕಾದ ಅಲಗಿನಲ್ಲಿ ಕೊಕ್ಕಿನ ತುದಿಯನ್ನು ಸುಟ್ಟು ತೆಗೆಯುತ್ತಾರೆ. ಅದು ಉಗುರು ಕತ್ತರಿಸಿದಂತೆ ಎಂಬ ಸಮಾಧಾನ ಸುಳ್ಳು, ಕೊಕ್ಕಿನಲ್ಲಿ ನರಗಳಿವೆ. ಕತ್ತರಿಸಿದ ಮೊಂಡಿನಲ್ಲಿ ನರಗಳು ಗಂಟುಗಟ್ಟಿ ಅಸಹಜ ಸಂಕೇತಗಳನ್ನು ಕಳುಹಿಸುವುದನ್ನು ಬ್ರೆವಾರ್ಡ್ ಮತ್ತು ಜೆಂಟಲ್ ಎಂಬ ಬ್ರಿಟನ್ನಿನ ಸಂಶೋಧಕರು 1985ರಲ್ಲೇ ಪ್ರಕಟಿಸಿದರು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1965ರಲ್ಲಿ, ಬ್ರಿಟಿಷ್ ಸರ್ಕಾರದ ಬ್ರಾಂಬೆಲ್ ಸಮಿತಿ ಈ ಪದ್ಧತಿಯನ್ನು ನಿಷೇಧಿಸಬೇಕೆಂದಿತ್ತು. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ನಿಷೇಧಿಸಿವೆ. ಮಾಂಸಾಹಾರಿ ದೇಶಗಳು!

ಅಹಿಂಸಾಣುವ್ರತದ ಐದು ಅತಿಚಾರಗಳು ಪಾಠಶಾಲೆಯ ಮಕ್ಕಳಿಗೂ ಬಾಯಿಪಾಠ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಾಠ ಒಪ್ಪಿಸುವ ಮಗುವಿಗೆ ಉದಾಹರಣೆಯಾಗಿ ಹೇಳುವುದು ಹಳೆಯ ಎತ್ತಿನ ಗಾಡಿಯನ್ನು. ಆಧುನಿಕ ಕೋಳಿಮನೆಯನ್ನು ಯಾರೂ ಹೇಳುವುದಿಲ್ಲ. ರೆಕ್ಕೆ ಬಿಚ್ಚಲಾಗದ ತಂತಿಪಂಜರ ಬಂಧ, ಕೊಕ್ಕು ಸುಡುವುದು ಛೇದ, ಮತ್ತೆ ಮೊಟ್ಟೆ ಇಡಿಸಲು ಉಪವಾಸ ಕೆಡವಿ ಗರಿ ಉದುರಿಸುವುದು ಅನ್ನಪಾನನಿರೋಧ. 1960ರ ಪ್ರಾಣಿ ಹಿಂಸಾ ತಡೆ ಕಾಯಿದೆ ಅಂಗಚ್ಛೇದವನ್ನು ಅಪರಾಧವೆನ್ನುತ್ತದೆ. ಅದರ ವಿನಾಯಿತಿಯಲ್ಲಿ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಮುದ್ರೆ ಹಾಕುವುದು, ಮೂಗುದಾರ ಏರಿಸುವುದು ಇವೆ. ಕೊಕ್ಕು ಕತ್ತರಿಸುವುದನ್ನು ಹೆಸರಿಸಿಲ್ಲ. 2017ರ ಜುಲೈನಲ್ಲಿ ಭಾರತದ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಈ ಹಕ್ಕಿಗಳ ಪಾಡಿಗಾಗಿಯೇ ಮೀಸಲಿಟ್ಟಿತು. ಅದನ್ನು ಓದಿದ ಟ್ರಸ್ಟಿಗಳು ಎಷ್ಟು ಮಂದಿ?

ಓದದಿರುವುದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ದಾವಣಗೆರೆ, ರಾಣೆಬೆನ್ನೂರುಗಳ ಮೆಕ್ಕೆಜೋಳದ ಬಹುಪಾಲು ಕೋಳಿಯ ಹೊಟ್ಟೆಗೆ ಹೋಗುತ್ತದೆಂಬುದು ಧಾನ್ಯದ ದಲ್ಲಾಳಿಗೆ ತಿಳಿಯದ ರಹಸ್ಯವೇನಲ್ಲ. ಜೋಳ ಮಾರುವುದು ಉದ್ಯೋಗಿ ಹಿಂಸೆ, ಗೃಹಸ್ಥನಿಗೆ ಅನಿವಾರ್ಯ ಎಂದು ಅವನು ಹೇಳಬಹುದು, ಆ ಮಾತಿನಲ್ಲಿ ಸ್ವಲ್ಪ ಹುರುಳೂ ಇದೆ. ಧಾನ್ಯ ಎಲ್ಲಿಗೆ ಹೋಯಿತೆಂದು ಕೊನೆಯ ತನಕ ಬೆನ್ನಟ್ಟಲು ಯಾರಿಂದಲೂ ಆಗದು. ಆದರೆ ಮರಿ ಉತ್ಪಾದನಾ ಕೇಂದ್ರದಲ್ಲಿ ಬಂಡವಾಳ ಹೂಡುವವನು, ಕೋಳಿ ಅಂಗಡಿಗೆ ಮಳಿಗೆ ಬಾಡಿಗೆ ಕೊಡುವವನು ಅದೇ ಆಸರೆಯಡಿ ನಿಲ್ಲಲಾರ. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ನಿರ್ಲಾಂಛನ, ಅಂದರೆ ಪ್ರಾಣಿಗಳ ಅಂಗ ಕತ್ತರಿಸಿ ಬದುಕುವ ಕಸುಬು, ಹೆಸರು ಹಿಡಿದೇ ಸೇರಿದೆ. ಕತ್ತರಿಸುವ ಕೈ ಕೂಲಿಯವನದು, ಲಾಭಾಂಶ ತನ್ನದು ಎಂಬ ಖಾತೆ ಯಾವ ಲೆಕ್ಕಪರಿಶೋಧಕನ ಮುಂದೆ ನಿಲ್ಲುತ್ತದೆ? ಕೃತ, ಕಾರಿತ, ಅನುಮೋದಿತ ಎಂದು ಮೂರು ಅಂಕಣ ಎಳೆದದ್ದು ಜೈನಾಚಾರ್ಯರೇ.

ಬೀದಿಯ ಬಣ್ಣದ ಮರಿಗೂ ಈ ಖಾತೆಗೂ ಸಂಬಂಧವಿದೆ. ಮೊಟ್ಟೆಯ ತಳಿಯಲ್ಲಿ ಹುಟ್ಟಿದ ಗಂಡು ಮರಿ ಮೊಟ್ಟೆ ಇಡದು, ಮಾಂಸಕ್ಕೂ ಬೇಗ ಬೆಳೆಯದು. ಹುಟ್ಟಿದ ದಿನವೇ ಅದನ್ನು ಕೊಲ್ಲುವುದು ಈ ಉದ್ಯಮದ ರೂಢಿ. ಜರ್ಮನಿ ಅದನ್ನು 2022ರ ಜನವರಿಯಿಂದ ನಿಷೇಧಿಸಿತು. ಹೀಗೆ ಬೇಡವಾದ ಮರಿಯೇ ಬಣ್ಣ ಬಳಿಸಿಕೊಂಡು ಬುಟ್ಟಿಗೆ ಬರುತ್ತದೆ. ಹನ್ನೆರಡನ್ನು ಕೊಂಡು ಬಿಡಿಸಿದೆನೆನ್ನುವ ಶ್ರಾವಕ ಮಾರುವವನಿಗೆ ಮುಂದಿನ ಬುಟ್ಟಿಯ ಬಂಡವಾಳ ಒದಗಿಸಿರುತ್ತಾನೆ. ಆದ್ದರಿಂದ ಕೊಳ್ಳದಿರುವುದೇ ಮೇಲು. ಮಗುವಿನ ಅಳುವನ್ನು ಆ ಸಂಜೆ ಸಹಿಸಿಕೊಳ್ಳಬೇಕಾದೀತು.

ಈಗಾಗಲೇ ಮನೆಯೊಳಗೆ ಬಂದ ಮರಿಯ ಮಾತು ಬೇರೆ. ಅದನ್ನು ಕೈಬಿಡುವ ಅಧಿಕಾರ ತಂದವನಿಗಿಲ್ಲ. ಪೆಟ್ಟಿಗೆಯನ್ನು ಹಿಗ್ಗಿಸಿ, ಕೆದಕಲು ಭತ್ತದ ಹೊಟ್ಟು ಹಾಸಬೇಕು. ಅದರಲ್ಲಿ ನವಣೆಯನ್ನೋ ರಾಗಿಯನ್ನೋ ಎರಚಿ, ಕೊತ್ತಂಬರಿ ಕಂತೆಯೊಂದನ್ನು ಮರಿಗಳಿಗೆ ಎಟಕುವಂತೆ ತೂಗಿಬಿಟ್ಟರೆ ಕೊಕ್ಕಿಗೆ ದಿನವಿಡೀ ಕೆಲಸ. ನೀರು, ಆಹಾರ ಎರಡೆರಡು ಕಡೆ ಇರಲಿ, ಬಲಹೀನ ಮರಿಗೂ ಬಾಯಿ ಸಿಕ್ಕೀತು. ರಕ್ತ ಕಂಡ ತಕ್ಷಣ ಆ ಮರಿಯನ್ನು ಬೇರ್ಪಡಿಸಿ ಗಾಯ ತೊಳೆಯಬೇಕು. ಪೂರ್ತಿ ಮಾಯುವ ತನಕ ಗುಂಪಿಗೆ ಸೇರಿಸಬಾರದು, ಆದರೆ ಜೊತೆಯವು ಕಣ್ಣಿಗೆ ಕಾಣುವಂತೆ ನಡುವೆ ಜಾಲರಿ ಇರಲಿ. ಇಲ್ಲವಾದರೆ ಹಿಂದಿರುಗಿದಾಗ ಅದು ಅಪರಿಚಿತವಾಗಿ ಮತ್ತೆ ಕುಕ್ಕು ತಿನ್ನುತ್ತದೆ. ದಿಲ್ಲಿಯ ಚಾಂದನಿ ಚೌಕದ ಲಾಲ್ ಮಂದಿರದಲ್ಲಿ ದಿಗಂಬರ ಸಮಾಜ ಹಕ್ಕಿಗಳಿಗೆಂದೇ ಆಸ್ಪತ್ರೆ ನಡೆಸುತ್ತಿದೆ. ದಕ್ಷಿಣ ಬೆಂಗಳೂರಿನ ಟ್ರಸ್ಟುಗಳು ಅಷ್ಟು ದೂರ ಹೋಗಬೇಕಿಲ್ಲ. ಮುಂದಿನ ಸಭೆಯಲ್ಲಿ ಅಮೃತಶಿಲೆಯ ನೆಲಹಾಸಿನ ಅಂದಾಜುಪಟ್ಟಿಗೆ ಮುನ್ನ ಎರಡು ಪ್ರಶ್ನೆ ಕಾರ್ಯಸೂಚಿಗೆ ಬರಲಿ: ಟ್ರಸ್ಟಿನ ಮಳಿಗೆಗಳಲ್ಲಿ ಬಾಡಿಗೆಗೆ ಇರುವವರು ಯಾರು, ಮತ್ತು ಮನೆಗಳಿಂದ ತಂದುಬಿಡುವ ಮರಿಗಳಿಗೆ ಆವರಣದಲ್ಲಿ ಹತ್ತಡಿ ನೆಲ ಯಾವ ಕಡೆ ಸಿಕ್ಕೀತು.